ಜೆಟ್ ಸ್ಕೀ ನಿಲುಗಡೆ ಮತ್ತು ಒಡಲಿನ ರಕ್ಷಣೆ

ಜೆಟ್ ಸ್ಕೀ ನಿಲುಗಡೆ ಎಂದರೆ ಬಳಕೆಯಲ್ಲಿಲ್ಲದ ಸಮಯದಲ್ಲಿ ಜೆಟ್ ಸ್ಕೀಯನ್ನು ಅದರ ತಳಕ್ಕೆ ಹಾನಿಯಾಗದಂತೆ ಟ್ರೇಲರ್, ನೆಲದ ಮೇಲಿನ ಚೌಕಟ್ಟು ಅಥವಾ ತೇಲುವ ಕಟ್ಟೆಯ ಮೇಲೆ ಆಧಾರ ಕೊಟ್ಟು ಇರಿಸುವ ಕ್ರಮ. ಹಲ್ ಎಂದು ಕರೆಯಲಾಗುವ ಜೆಟ್ ಸ್ಕೀಯ ಒಡಲು ನೀರಿನ ಮೇಲೆ ತೇಲುವುದಕ್ಕಾಗಿ ರೂಪುಗೊಂಡದ್ದು. ನೆಲದ ಮೇಲೆ ಕುಳಿತಿರುವುದಕ್ಕಾಗಿ ಅಲ್ಲ. ನೀರಿನಲ್ಲಿ ವಾಹನದ ಭಾರವು ಮುಳುಗಿರುವ ಮೇಲ್ಮೈಯ ಉದ್ದಗಲಕ್ಕೂ ಹಂಚಿಹೋಗುತ್ತದೆ. ನೆಲದ ಮೇಲೆ ಅದೇ ಭಾರ ಒಡಲನ್ನು ಮುಟ್ಟಿರುವ ಕೆಲವೇ ಸ್ಥಳಗಳ ಮೇಲೆ ಬೀಳುತ್ತದೆ. ಆದ್ದರಿಂದ ಸರಿಯಾದ ನಿಲುಗಡೆಯ ಮೂಲತತ್ತ್ವ ಎರಡು ಅಂಶಗಳಲ್ಲಿ ಅಡಗಿದೆ: ಭಾರವನ್ನು ಸಾಧ್ಯವಾದಷ್ಟು ಅಗಲವಾದ ಜಾಗಕ್ಕೆ ಹಂಚುವುದು ಮತ್ತು ಆ ಜಾಗವು ಒಡಲಿನ ಗಟ್ಟಿಯಾದ ಭಾಗವೇ ಆಗಿರುವಂತೆ ನೋಡಿಕೊಳ್ಳುವುದು.

ತಪ್ಪಾದ ಆಧಾರದಿಂದ ಉಂಟಾಗುವ ಹಾನಿ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ ಮತ್ತು ವಾಹನದ ಅಡಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಅದರ ಪರಿಣಾಮ ವಾಹನ ವೇಗವಾಗಿ ಚಲಿಸುವಾಗ ಅಥವಾ ಒಳಗೆ ನೀರು ತುಂಬತೊಡಗಿದಾಗ ಮಾತ್ರ ತಿಳಿಯುತ್ತದೆ. ಈ ಕಾರಣದಿಂದ ನಿಲುಗಡೆಯು ವಾಹನದ ಆಯುಷ್ಯಕ್ಕೆ ಮಾತ್ರವಲ್ಲದೆ ಸವಾರರ ಸುರಕ್ಷತೆಗೂ ಸಂಬಂಧಿಸಿದ ವಿಷಯವಾಗಿದೆ.

ಹಿನ್ನೆಲೆ

ಜೆಟ್ ಸ್ಕೀ ಎಂಬುದು ಮೂಲತಃ ಜಪಾನಿನ ಕವಾಸಾಕಿ ಸಂಸ್ಥೆಯ ವ್ಯಾಪಾರಮುದ್ರೆ. ಬಳಕೆಯಲ್ಲಿ ಈ ಹೆಸರು ಎಲ್ಲ ಸಂಸ್ಥೆಗಳ ವೈಯಕ್ತಿಕ ಜಲವಾಹನಗಳಿಗೂ ಅನ್ವಯವಾಗುತ್ತಿದೆ. ಅಮೆರಿಕದ ಕ್ಲೇಟನ್ ಜೇಕಬ್‌ಸನ್ 1960ರ ದಶಕದಲ್ಲಿ ಇಂಥ ವಾಹನದ ವಿನ್ಯಾಸವನ್ನು ರೂಪಿಸಿದರು. ಕೆನಡಾದ ಬೊಂಬಾರ್ಡಿಯರ್ ಸಂಸ್ಥೆಯು 1968ರಲ್ಲಿ ಸೀ-ಡೂ ಎಂಬ ವಾಹನವನ್ನು ಮಾರುಕಟ್ಟೆಗೆ ತಂದಿತು. 1970ರ ದಶಕದ ಆರಂಭದಲ್ಲಿ ಕವಾಸಾಕಿಯ ನಿಂತು ಓಡಿಸುವ ಮಾದರಿಗಳು ಬಂದವು. 1980ರ ದಶಕದ ಉತ್ತರಾರ್ಧದಲ್ಲಿ ಯಮಾಹಾ ಸಂಸ್ಥೆಯ ವೇವ್‌ರನ್ನರ್ ಬಂದ ಮೇಲೆ ಕುಳಿತು ಓಡಿಸುವ ಮಾದರಿಗಳು ಜನಪ್ರಿಯವಾದವು.

ಈ ಬದಲಾವಣೆಯೇ ನಿಲುಗಡೆಯ ಪ್ರಶ್ನೆಗೆ ಮಹತ್ತ್ವ ತಂದಿತು. ನಿಂತು ಓಡಿಸುವ ಆರಂಭದ ಮಾದರಿಗಳು ನೂರು ಕಿಲೋಗ್ರಾಂ ಆಸುಪಾಸಿನ ತೂಕದವು. ಕೆಲವರು ಸೇರಿ ಎತ್ತಿ ಇಡಬಹುದಾದಂಥವು. ಮೂವರು ಕೂರಬಹುದಾದ ಇಂದಿನ ದೊಡ್ಡ ಮಾದರಿಗಳ ತೂಕ 350 ಕಿಲೋಗ್ರಾಂ ಮೀರುತ್ತದೆ. ಇವುಗಳಲ್ಲಿ ಹಲವಕ್ಕೆ ಸುಮಾರು 70 ಲೀಟರ್ ಹಿಡಿಯುವ ಇಂಧನದ ತೊಟ್ಟಿ ಇರುತ್ತದೆ. ತೊಟ್ಟಿ ತುಂಬಿದಾಗ ಪೆಟ್ರೋಲಿನ ತೂಕವೇ 50 ಕಿಲೋಗ್ರಾಂ ಸೇರುತ್ತದೆ. ಇಷ್ಟು ಭಾರವನ್ನು ತಿಂಗಳುಗಟ್ಟಲೆ ಹೊರಬೇಕಾದ್ದು ಕೆಲವೇ ಮಿಲಿಮೀಟರ್ ದಪ್ಪದ ಒಡಲು.

ಒಡಲಿನ ರಚನೆ

ಜೆಟ್ ಸ್ಕೀಯ ದೇಹವು ಎರಡು ಅಚ್ಚುಗಳಿಂದ ಆಗಿದೆ. ಕೆಳಗಿನದು ಒಡಲು, ಮೇಲಿನದು ಡೆಕ್. ಇವೆರಡನ್ನೂ ಅಂಚಿನ ಸುತ್ತ ಬೆಸೆಯಲಾಗಿದ್ದು, ಆ ಬೆಸುಗೆಯನ್ನು ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಮುಚ್ಚಿರುತ್ತದೆ. ಎಂಜಿನ್ ಮಧ್ಯಭಾಗದಲ್ಲಿಯೂ, ನೀರನ್ನು ಹಿಂದಕ್ಕೆ ಚಿಮ್ಮಿಸುವ ಪಂಪ್ ಹಿಂಭಾಗದಲ್ಲಿಯೂ ಇರುವುದರಿಂದ ಭಾರದ ಹೆಚ್ಚಿನ ಪಾಲು ನಡುವಿನಿಂದ ಹಿಂದಕ್ಕೆ ಬೀಳುತ್ತದೆ.

ಒಡಲಿನ ತಳ ಸಾಮಾನ್ಯವಾಗಿ ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿರುತ್ತದೆ. ನಡುವಿನ ಉದ್ದನೆಯ ಏಣು ಕೀಲ್. ಅದರ ಎರಡೂ ಬದಿಗಳಲ್ಲಿ ಉದ್ದಕ್ಕೆ ಸಾಗುವ ಸಣ್ಣ ಏಣುಗಳನ್ನು ಸ್ಟ್ರೇಕ್ ಎನ್ನುತ್ತಾರೆ. ತಳವೂ ಪಕ್ಕದ ಗೋಡೆಯೂ ಸೇರುವ ಮೂಲೆಯ ಹೆಸರು ಚೈನ್. ಏಣುಗಳು ಮತ್ತು ಮೂಲೆಗಳು ತಳವನ್ನು ಬಿಗಿಗೊಳಿಸುತ್ತವೆ. ಅವುಗಳ ನಡುವಿನ ಚಪ್ಪಟೆ ಭಾಗಗಳು ಹೋಲಿಕೆಯಲ್ಲಿ ಮೆದು. ಹಿಂಭಾಗದ ಅಡಿಯಲ್ಲಿ ನೀರು ಒಳಸೇರುವ ಜಾಲರಿ ಮತ್ತು ಪಂಪನ್ನು ಮುಚ್ಚುವ ರೈಡ್ ಪ್ಲೇಟ್ ಎಂಬ ತಟ್ಟೆ ಇರುತ್ತವೆ. ಪಕ್ಕಗಳಲ್ಲಿ ಸ್ಪಾನ್ಸನ್ ಎಂಬ ರೆಕ್ಕೆಯಂಥ ಭಾಗಗಳಿರುತ್ತವೆ. ಇವು ಯಾವುವೂ ವಾಹನದ ಭಾರ ಹೊರುವುದಕ್ಕಾಗಿ ಇರುವಂಥವಲ್ಲ.

ಒಡಲಿನ ಸಾಮಗ್ರಿ ಮುಖ್ಯವಾಗಿ ಮೂರು ಬಗೆಯದು:

• ಫೈಬರ್ ಗ್ಲಾಸ್: ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದ ಪದರಗಳು, ಮೇಲೆ ಜೆಲ್‌ಕೋಟ್ ಎಂಬ ಹೊಳಪಿನ ಲೇಪ. ಬಿಗಿಯಾದ ಸಾಮಗ್ರಿ, ಆದರೆ ಚೂಪಾದ ಒತ್ತಡ ಬಿದ್ದರೆ ಲೇಪ ಬಿರುಕು ಬಿಡುತ್ತದೆ.

• ಅಚ್ಚೊತ್ತಿದ ಸಂಯುಕ್ತ ಹಾಳೆ: ತುಂಡರಿಸಿದ ಗಾಜಿನ ನಾರು ಬೆರೆತ ರಾಳದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದು. ಯಮಾಹಾ 2008ರ ಮಾದರಿಗಳಿಂದ ಬಳಸತೊಡಗಿದ ನ್ಯಾನೋಎಕ್ಸೆಲ್ ಈ ವರ್ಗದ ಹಗುರವಾದ ರೂಪ.

• ಬಲವರ್ಧಿತ ಪಾಲಿಪ್ರೊಪಿಲೀನ್: ಸೀ-ಡೂ ಸ್ಪಾರ್ಕ್ ಮಾದರಿಯೊಂದಿಗೆ 2014ರಿಂದ ಬಳಕೆಗೆ ಬಂದ ಪಾಲಿಟೆಕ್ ಇದಕ್ಕೆ ಉದಾಹರಣೆ. ಹಗುರ, ಪೆಟ್ಟು ತಾಳುವಂಥದ್ದು. ಆದರೆ ಬಿಸಿಯಲ್ಲಿ ಮೆದುವಾಗುವ ಗುಣವುಳ್ಳದ್ದು.

ಭಾರ ಹಂಚಿಕೆಯ ತತ್ತ್ವ

ನೀರಿನ ಒತ್ತಡ ಆಳಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 30 ಸೆಂಟಿಮೀಟರ್ ಆಳದಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ 30 ಗ್ರಾಂ ಭಾರದಷ್ಟು ಮಾತ್ರ. ತೇಲುತ್ತ ನಿಂತಿರುವ ಜೆಟ್ ಸ್ಕೀಯ ತಳ ಅನುಭವಿಸುವುದು ಈ ಪ್ರಮಾಣದ ಸೌಮ್ಯ ಒತ್ತಡವನ್ನು.

350 ಕಿಲೋಗ್ರಾಂ ತೂಕದ ವಾಹನವನ್ನು ತಲಾ 150 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ಮೇಲೆ ಸಂಪೂರ್ಣವಾಗಿ ಕುಳ್ಳಿರಿಸಿದರೆ ಆಧಾರದ ವಿಸ್ತೀರ್ಣ 3,000 ಚದರ ಸೆಂಟಿಮೀಟರ್ ಆಗುತ್ತದೆ. ಆಗ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 117 ಗ್ರಾಂ. ಅದೇ ವಾಹನವನ್ನು ತಲಾ 10 ಚದರ ಸೆಂಟಿಮೀಟರ್ ಮಾತ್ರ ಮುಟ್ಟುವ ನಾಲ್ಕು ರೋಲರ್‌ಗಳ ಮೇಲೆ ನಿಲ್ಲಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 8.75 ಕಿಲೋಗ್ರಾಂ ಬೀಳುತ್ತದೆ. ಇದು ಹಲಗೆಯ ಒತ್ತಡದ ಸುಮಾರು 75 ಪಟ್ಟು. ವಾಹನ ಒಂದೇ ಆದರೂ ಆಧಾರ ಬದಲಾದಾಗ ಒಡಲಿನ ಪಾಡು ಎಷ್ಟು ಬದಲಾಗುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಕಾಲ ಮತ್ತು ಉಷ್ಣತೆಯೂ ಇಲ್ಲಿ ಮುಖ್ಯ. ಒಂದು ದಿನ ತಾಳಿಕೊಳ್ಳಬಲ್ಲ ಭಾರವನ್ನೇ ಪ್ಲಾಸ್ಟಿಕ್ ಮತ್ತು ರಾಳದ ವಸ್ತುಗಳು ತಿಂಗಳುಗಟ್ಟಲೆ ಹೊತ್ತಾಗ ನಿಧಾನವಾಗಿ ಬಾಗುತ್ತವೆ. ಭಾರ ತೆಗೆದರೂ ಆ ಬಾಗು ಪೂರ್ಣವಾಗಿ ಮರಳುವುದಿಲ್ಲ. ವಸ್ತುವಿಜ್ಞಾನದಲ್ಲಿ ಇದಕ್ಕೆ ಕ್ರೀಪ್ ಎಂದು ಹೆಸರು. ಉಷ್ಣತೆ ಏರಿದಷ್ಟೂ ಇದು ವೇಗ ಪಡೆಯುತ್ತದೆ. ಪಾಲಿಪ್ರೊಪಿಲೀನ್ ಒಡಲುಗಳಲ್ಲಿ ಇದರ ಸಾಧ್ಯತೆ ಹೆಚ್ಚು.

ಹಾನಿಯ ವಿಧಗಳು

ತಗ್ಗು ಮತ್ತು ವಿರೂಪ: ರೋಲರ್, ಕಲ್ಲು ಅಥವಾ ಇಟ್ಟಿಗೆಯಂಥ ಕಿರಿದಾದ ಆಧಾರದ ಮೇಲೆ ಚಪ್ಪಟೆ ಭಾಗ ಕುಳಿತಾಗ ಅಲ್ಲಿ ತಗ್ಗು ಬೀಳುತ್ತದೆ. ಆಧಾರ ಹಲಗೆಗಳು ಹಿಂಬದಿಯ ಅಂಚಿನವರೆಗೆ ತಲುಪದಿದ್ದರೆ ಪಂಪಿನ ಭಾರ ಆಸರೆಯಿಲ್ಲದೆ ಜೋತುಬೀಳುತ್ತದೆ. ತಳ ಕ್ರಮೇಣ ಬಾಗುತ್ತದೆ.

ಹುಕ್ ಮತ್ತು ರಾಕರ್: ತಳದ ಹಿಂಭಾಗ ಒಳಕ್ಕೆ ಬಾಗಿದರೆ ಅದನ್ನು ಹುಕ್ ಎಂದೂ, ಹೊರಕ್ಕೆ ಉಬ್ಬಿದರೆ ರಾಕರ್ ಎಂದೂ ದೋಣಿ ನಿರ್ಮಾಣದಲ್ಲಿ ಕರೆಯುತ್ತಾರೆ. ಹುಕ್ ಇರುವ ವಾಹನ ವೇಗದಲ್ಲಿ ಮೂತಿಯನ್ನು ನೀರಿನತ್ತ ಒತ್ತುತ್ತದೆ. ರಾಕರ್ ಇರುವ ವಾಹನದ ಮೂತಿ ಒಂದೇ ಸಮನೆ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಬಾಗು ಅಲ್ಪವಾಗಿದ್ದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದರ ಪರಿಣಾಮ ಸವಾರನ ಹಿಡಿತದ ಮೇಲೆ ಆಗುತ್ತದೆ.

ಬಿರುಕು: ಜೆಲ್‌ಕೋಟಿನ ಮೇಲೆ ಜೇಡರ ಬಲೆಯಂತೆ ಹರಡುವ ಗೆರೆಗಳು ಕೆಲವೊಮ್ಮೆ ಲೇಪಕ್ಕಷ್ಟೇ ಸೀಮಿತ. ಗೆರೆಗಳ ಕೆಳಗಿನ ನಾರಿನ ಪದರಗಳು ಬಿಟ್ಟುಕೊಂಡಿದ್ದರೆ ಅದು ಗಂಭೀರ ಹಾನಿ. ಪಾಲಿಪ್ರೊಪಿಲೀನ್ ಒಡಲಿನಲ್ಲಿ ಅತಿ ಒತ್ತಡದ ಜಾಗ ಬಿಳಿಚಿಕೊಳ್ಳುತ್ತದೆ.

ಗುಳ್ಳೆ: ಫೈಬರ್ ಗ್ಲಾಸ್ ಒಡಲು ವಾರಗಟ್ಟಲೆ ನೀರಿನಲ್ಲೇ ಇದ್ದರೆ ನೀರಿನ ಅಣುಗಳು ಜೆಲ್‌ಕೋಟನ್ನು ದಾಟಿ ಒಳಸೇರುತ್ತವೆ. ಅಲ್ಲಿನ ಕರಗುವ ವಸ್ತುಗಳೊಡನೆ ಬೆರೆತು ಪರಾಸರಣ ಒತ್ತಡವನ್ನು ಉಂಟುಮಾಡುತ್ತವೆ. ಇದರಿಂದ ಲೇಪ ಗುಳ್ಳೆಗಳಾಗಿ ಎದ್ದುಬರುತ್ತದೆ. ಜೆಟ್ ಸ್ಕೀಯನ್ನು ಬಳಕೆಯ ನಂತರ ನೀರಿನಿಂದ ಹೊರಗೆ ಇಡಬೇಕೆಂಬ ಸಲಹೆಗೆ ಇದು ಒಂದು ಕಾರಣ.

ಸವೆತ: ಮರಳು, ಕಾಂಕ್ರೀಟ್ ಇಳಿಜಾರು ಅಥವಾ ಹಲಗೆಯಿಂದ ಹೊರಚಾಚಿದ ಮೊಳೆ ಜೆಲ್‌ಕೋಟನ್ನು ಕೆರೆಯುತ್ತದೆ. ಮೊದಲು ಸವೆಯುವುದು ಕೀಲ್ ಮತ್ತು ಮೂತಿಯ ಅಡಿಭಾಗ.

ಆಧಾರ ಸಾಧನಗಳು

ಬಂಕ್ ಹಲಗೆಗಳು

ಟ್ರೇಲರಿನ ಉದ್ದಕ್ಕೆ ಜೋಡಿಸಿ, ಮೇಲೆ ಕಾರ್ಪೆಟ್ ಹೊದಿಸಿದ ಮರದ ಹಲಗೆಗಳಿಗೆ ಬಂಕ್ ಎನ್ನುತ್ತಾರೆ. ಜೆಟ್ ಸ್ಕೀಗಳಿಗೆ ಹೆಚ್ಚು ಬಳಕೆಯಲ್ಲಿರುವ ಆಧಾರ ಇದೇ. ಹಲಗೆಗಳ ಇಳಿಜಾರು ಒಡಲಿನ ಇಳಿಜಾರಿಗೆ ಹೊಂದಿಕೊಂಡಿರಬೇಕು. ಹಲಗೆಯ ಒಂದು ಅಂಚು ಮಾತ್ರ ಒಡಲನ್ನು ಮುಟ್ಟಿದರೆ ಅಗಲವಾದ ಹಲಗೆಯೂ ಗೆರೆಯಂತೆ ಒತ್ತುತ್ತದೆ. ಹಲಗೆಗಳು ಹಿಂಬದಿಯ ಅಂಚಿನವರೆಗೆ ಚಾಚಿರಬೇಕು. ಆದರೆ ನೀರಿನ ಜಾಲರಿ, ರೈಡ್ ಪ್ಲೇಟ್, ಸ್ಪಾನ್ಸನ್‌ಗಳನ್ನು ಮುಟ್ಟಬಾರದು. ಸ್ಟ್ರೇಕ್‌ಗಳಿಗೆ ಸಂಬಂಧಿಸಿದಂತೆ ಅವು ಎಲ್ಲಿ ಕೂರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ತಯಾರಕರ ಕೈಪಿಡಿಯ ಅಳತೆಗಳನ್ನು ಅನುಸರಿಸಲಾಗುತ್ತದೆ.

ಕಾರ್ಪೆಟ್ ಒಡಲನ್ನು ಗೀರುಗಳಿಂದ ಕಾಪಾಡುತ್ತದೆ. ಆದರೆ ಅದು ಮರಳನ್ನೂ ಉಪ್ಪುನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮರಳು ತುಂಬಿದ ಕಾರ್ಪೆಟ್ ಉಪ್ಪುಕಾಗದದಂತೆ ವರ್ತಿಸುತ್ತದೆ. ಆದ್ದರಿಂದ ಅದನ್ನು ಸಿಹಿನೀರಿನಲ್ಲಿ ತೊಳೆಯುವುದೂ ಹರಿದಾಗ ಬದಲಿಸುವುದೂ ಅಗತ್ಯ.

ರೋಲರ್‌ಗಳು

ವಾಹನವನ್ನು ಸುಲಭವಾಗಿ ಏರಿಸಿ ಇಳಿಸಲು ರೋಲರ್‌ಗಳು ಅನುಕೂಲ. ದೀರ್ಘಕಾಲದ ನಿಲುಗಡೆಗೆ ಅವು ತಕ್ಕವಲ್ಲ. ಕೆಲವು ಟ್ರೇಲರ್‌ಗಳಲ್ಲಿ ರೋಲರ್ ಕೀಲನ್ನು ದಾರಿಗೆ ತರುವುದಕ್ಕಷ್ಟೇ ಇದ್ದು, ಭಾರವನ್ನು ಹಲಗೆಗಳು ಹೊರುತ್ತವೆ. ಹಲಗೆಗಳು ಕುಸಿದಾಗ ಅಥವಾ ಸವೆದಾಗ ಭಾರ ಅರಿವಿಲ್ಲದೆ ರೋಲರಿನ ಮೇಲೆ ವರ್ಗವಾಗುತ್ತದೆ.

ನೆಲದ ಮೇಲಿನ ಚೌಕಟ್ಟುಗಳು

ಮನೆಯ ಷೆಡ್ಡಿನಲ್ಲಿ ಅಥವಾ ದುರಸ್ತಿಯ ಸ್ಥಳದಲ್ಲಿ ಮರ ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಬಳಸಲಾಗುತ್ತದೆ. ಚಕ್ರಗಳುಳ್ಳವನ್ನು ಡಾಲಿ ಎಂದು ಕರೆಯುತ್ತಾರೆ. ನಿಯಮ ಟ್ರೇಲರಿನದ್ದೇ: ಉದ್ದವಾದ, ಮೆತ್ತೆ ಹೊದಿಸಿದ ಎರಡು ಹಲಗೆಗಳು. ಹಳೆಯ ಟೈರುಗಳ ಮೇಲೆ ಇಡುವ ವಾಡಿಕೆಯೂ ಇದೆ. ಟೈರು ಮೆತ್ತಗಿದ್ದರೂ ಒಡಲನ್ನು ಬಳೆಯಾಕಾರದಲ್ಲಿ ಮಾತ್ರ ಮುಟ್ಟುವುದರಿಂದ ಕೆಲವು ದಿನಗಳ ಮಟ್ಟಿಗಷ್ಟೇ ಅದು ಸೂಕ್ತ. ಕಲ್ಲು, ಕಾಂಕ್ರೀಟ್ ಇಟ್ಟಿಗೆ ಅಥವಾ ಬರಿಯ ನೆಲದ ಮೇಲೆ ಇರಿಸಿದರೆ ಭಾರವೆಲ್ಲ ಕೀಲ್ ಮತ್ತು ಒಂದು ಬದಿಯ ಚೈನ್ ಮೇಲೆ ಬೀಳುತ್ತದೆ.

ತೇಲುವ ಕಟ್ಟೆಗಳು

ಪಾಲಿಥಿಲೀನಿನ ಟೊಳ್ಳು ದಿಮ್ಮಿಗಳಿಂದಾದ ಕಟ್ಟೆಗಳ ಮೇಲೆ ಜೆಟ್ ಸ್ಕೀಯನ್ನು ನೇರವಾಗಿ ಓಡಿಸಿ ಹತ್ತಿಸಬಹುದು. ಒಡಲು ನೀರಿನಿಂದ ಹೊರಗಿರುವುದರಿಂದ ಗುಳ್ಳೆ ಮತ್ತು ಕಡಲ ಚಿಪ್ಪುಜೀವಿಗಳ ತೊಂದರೆ ತಪ್ಪುತ್ತದೆ. ವೇಗವಾಗಿ ಹತ್ತಿಸಿದರೆ ಮೂತಿಗೆ ಪೆಟ್ಟು ಬೀಳುತ್ತದೆ. ನೀರಿನಲ್ಲೇ ಕಟ್ಟಿ ನಿಲ್ಲಿಸುವುದಾದರೆ ಅಲೆಗೆ ಉಜ್ಜದಂತೆ ಒಡಲಿಗೂ ಕಟ್ಟೆಗೂ ನಡುವೆ ಗಾಳಿ ತುಂಬಿದ ಫೆಂಡರ್‌ಗಳನ್ನು ಇಳಿಬಿಡಬೇಕು.

ಸಾಗಣೆ ಮತ್ತು ಎತ್ತುವಿಕೆ

ರಸ್ತೆಯ ಮೇಲೆ ಸಾಗಿಸುವಾಗ ಪ್ರತಿ ಗುಂಡಿಯೂ ಒಡಲಿಗೆ ಒಂದು ಪೆಟ್ಟು. ವಾಹನವನ್ನು ಮೂತಿಯ ಕೊಂಡಿಯಲ್ಲಿಯೂ ಹಿಂಬದಿಯ ಎರಡು ಕೊಂಡಿಗಳಲ್ಲಿಯೂ ಪಟ್ಟಿಗಳಿಂದ ಬಿಗಿಯಲಾಗುತ್ತದೆ. ಸಡಿಲವಾದರೆ ವಾಹನ ಹಲಗೆಯ ಮೇಲೆ ಕುಪ್ಪಳಿಸುತ್ತದೆ. ಅತಿಯಾಗಿ ಬಿಗಿದರೆ ಒಡಲು ಹಲಗೆಗೆ ಒತ್ತಿಕೊಳ್ಳುತ್ತದೆ. ದೀರ್ಘಕಾಲ ನಿಲ್ಲಿಸುವಾಗ ಪಟ್ಟಿಗಳ ಬಿಗಿತವನ್ನು ಕಡಿಮೆ ಮಾಡುವುದು ಒಳ್ಳೆಯದು.

ಎತ್ತುವ ಯಂತ್ರದಿಂದ ಎತ್ತುವಾಗ ಅಗಲವಾದ ಬಟ್ಟೆಯ ಪಟ್ಟಿಗಳನ್ನು ತಯಾರಕರು ಸೂಚಿಸಿದ ಸ್ಥಳಗಳಲ್ಲಿ ಮಾತ್ರ ಹಾಕಬೇಕು. ಎರಡು ಪಟ್ಟಿಗಳನ್ನೂ ಮೇಲೆ ಒಂದೇ ಕೊಕ್ಕೆಗೆ ಸಿಕ್ಕಿಸಿದರೆ ಅವು ಒಡಲಿನ ಪಕ್ಕಗಳನ್ನು ಒಳಕ್ಕೆ ಹಿಂಡುತ್ತವೆ. ಇದನ್ನು ತಪ್ಪಿಸಲು ನಡುವೆ ಅಡ್ಡದಂಡವನ್ನು ಇರಿಸುತ್ತಾರೆ. ಕಟ್ಟಿಹಾಕುವ ಕೊಂಡಿಗಳು ಎತ್ತುವ ಕೊಂಡಿಗಳಲ್ಲ. ತಳದ ಪರೀಕ್ಷೆಗಾಗಿ ವಾಹನವನ್ನು ಮಗ್ಗುಲಿಗೆ ವಾಲಿಸುವಾಗ, ಹಿಂಭಾಗದ ಅಂಟುಪಟ್ಟಿ ಸೂಚಿಸುವ ದಿಕ್ಕಿಗೇ ತಿರುಗಿಸಬೇಕು. ತಪ್ಪು ದಿಕ್ಕಿಗೆ ವಾಲಿಸಿದರೆ ಹೊಗೆಕೊಳವೆಯಲ್ಲಿ ಉಳಿದ ನೀರು ಎಂಜಿನ್ನಿಗೆ ನುಗ್ಗಬಹುದು.

ಕಡಲತೀರದಲ್ಲಿ

ಮರಳಿನ ಮೇಲೆ ವಾಹನವನ್ನು ಓಡಿಸಿ ಹತ್ತಿಸುವುದು ಒಡಲಿನ ಸವೆತಕ್ಕೆ ಸಾಮಾನ್ಯ ಕಾರಣ. ಆಳವಿಲ್ಲದ ನೀರಿನಲ್ಲಿ ಪಂಪ್ ಮರಳನ್ನೂ ಬೆಣಚುಕಲ್ಲನ್ನೂ ಹೀರಿಕೊಂಡು ಇಂಪೆಲ್ಲರ್ ಹಾಳಾಗುತ್ತದೆ. ಒಡಲಿನ ಕೆಳಗೆ ಕನಿಷ್ಠ 60ರಿಂದ 90 ಸೆಂಟಿಮೀಟರ್ ನೀರು ಇರುವಾಗಲೇ ಎಂಜಿನ್ ನಿಲ್ಲಿಸುವಂತೆ ತಯಾರಕರು ಸೂಚಿಸುತ್ತಾರೆ. ಅಲ್ಲಿಂದ ದಡಕ್ಕೆ ಅಗಲವಾದ ಮೆದು ಚಕ್ರಗಳ ಡಾಲಿಯ ಮೇಲೆ ತರಲಾಗುತ್ತದೆ. ಅಲೆಗಳು ಬಡಿಯುವ ಅಂಚಿನಲ್ಲಿ ಅರ್ಧ ನೀರಿನಲ್ಲಿ, ಅರ್ಧ ಮರಳಿನಲ್ಲಿ ಬಿಟ್ಟ ವಾಹನವನ್ನು ಪ್ರತಿ ಅಲೆಯೂ ಎತ್ತಿ ನೆಲಕ್ಕೆ ಕುಕ್ಕುತ್ತದೆ. ತೀರದ ನಿಲುಗಡೆಗಳಲ್ಲಿ ಇದು ಅತ್ಯಂತ ಅಪಾಯಕಾರಿ.

ಋತುಮಾನದ ನಿಲುಗಡೆ

ಉತ್ತರ ಅಮೆರಿಕದ ಮಹಾಸರೋವರಗಳ ಪ್ರದೇಶದಂಥ ಶೀತವಲಯಗಳಲ್ಲಿ ಜೆಟ್ ಸ್ಕೀಗಳು ಚಳಿಗಾಲದುದ್ದಕ್ಕೂ ನಿಂತಿರುತ್ತವೆ. ಅಲ್ಲಿನ ಮುಖ್ಯ ಶತ್ರು ಹಿಮಗಟ್ಟುವ ನೀರು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಒಡಲಿನೊಳಗೆ, ಬಿರುಕುಗಳಲ್ಲಿ ಅಥವಾ ಕೊಳವೆಗಳಲ್ಲಿ ಉಳಿದ ನೀರು ಆ ಭಾಗವನ್ನು ಸೀಳುತ್ತದೆ. ಆದ್ದರಿಂದ ಹಿಂಬದಿಯ ಬಿರಡೆಗಳನ್ನು ಬಿಚ್ಚಿ, ಮೂತಿಯನ್ನು ಸ್ವಲ್ಪ ಎತ್ತರಿಸಿ ನೀರನ್ನು ಪೂರ್ಣವಾಗಿ ಬಸಿಯಲಾಗುತ್ತದೆ. ಬಿಚ್ಚಿದ ಬಿರಡೆಗಳನ್ನು ಮತ್ತೆ ನೀರಿಗಿಳಿಸುವ ಮೊದಲು ಹಾಕಲು ಮರೆಯದಂತೆ ಚಾಲನೆಯ ಕೀಲಿಯೊಡನೆ ಕಟ್ಟಿಡುವುದು ಉಪಯುಕ್ತ ಅಭ್ಯಾಸ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಪರಿಸ್ಥಿತಿ ಬೇರೆ. ಮಲ್ಪೆ, ಮುರ್ಡೇಶ್ವರ ಮೊದಲಾದ ಕರ್ನಾಟಕದ ಕಡಲತೀರಗಳಲ್ಲಿ ಜಲಕ್ರೀಡೆಗಳು ಮುಂಗಾರಿನ ತಿಂಗಳುಗಳಲ್ಲಿ ಸ್ಥಗಿತವಾಗುತ್ತವೆ. ಇಲ್ಲಿ ಹಿಮದ ಭಯವಿಲ್ಲ. ಬದಲಿಗೆ ತೇವ, ಬಿಸಿಲು ಮತ್ತು ಮಳೆನೀರಿನ ಭಾರ ಮುಖ್ಯವಾಗುತ್ತವೆ. ಹೊದಿಕೆಯ ತಗ್ಗಿನಲ್ಲಿ ನಿಂತ ಮಳೆನೀರು ಲೀಟರಿಗೆ ಒಂದು ಕಿಲೋಗ್ರಾಂನಂತೆ ಭಾರ ಸೇರಿಸುತ್ತದೆ. ಬಿರಡೆ ಹಾಕಿಯೇ ಬಯಲಿನಲ್ಲಿ ಬಿಟ್ಟ ವಾಹನದೊಳಗೆ ನೀರು ಸಂಗ್ರಹವಾಗಿ ಹಲಗೆಗಳ ಮೇಲಿನ ಹೊರೆ ಹೆಚ್ಚುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆಯಡಿಯಲ್ಲಿ ಬೂಷ್ಟು ಬೆಳೆಯುತ್ತದೆ. ಬೇಸಿಗೆಯಲ್ಲಿ ನೇರ ಬಿಸಿಲಿಗೆ ಒಡ್ಡಿದ ಒಡಲು ಬಿಸಿಯಾಗಿ ಬೇಗ ಬಾಗುತ್ತದೆ. ನೇರಳಾತೀತ ಕಿರಣಗಳಿಂದ ಜೆಲ್‌ಕೋಟ್ ಮಂಕಾಗುತ್ತದೆ. ನೆರಳು ಮತ್ತು ಗಾಳಿ ಎರಡೂ ಇರುವ, ಮೇಲಿಂದ ಗರಿಯೋ ಕಾಯಿಯೋ ಬೀಳದ ಜಾಗ ನಿಲುಗಡೆಗೆ ಯೋಗ್ಯ.

ದೀರ್ಘ ನಿಲುಗಡೆಯಲ್ಲಿ ಟೈರುಗಳ ರಕ್ಷಣೆಗಾಗಿ ಟ್ರೇಲರನ್ನು ಕಟ್ಟೆಗಳ ಮೇಲೆ ಎತ್ತಿಡುವುದುಂಟು. ಆಗ ಚೌಕಟ್ಟಿನ ನಾಲ್ಕೂ ಮೂಲೆಗಳು ಸಮಮಟ್ಟದಲ್ಲಿರಬೇಕು. ಒಂದು ಮೂಲೆ ಕುಸಿದರೆ ಚೌಕಟ್ಟು ತಿರುಚಿಕೊಂಡು, ಭಾರವೆಲ್ಲ ಒಂದೇ ಹಲಗೆಯ ತುದಿಗೆ ಸರಿಯುತ್ತದೆ. ಮಳೆಗೆ ನೆಲ ಮೆತ್ತಗಾಗುವ ಕಡೆ ಕಟ್ಟೆಗಳ ಕೆಳಗೆ ಅಗಲವಾದ ಹಲಗೆ ಅಥವಾ ಚಪ್ಪಡಿಯನ್ನು ಹಾಸಬೇಕು.

ಪರಿಶೀಲನೆ ಮತ್ತು ದುರಸ್ತಿ

ನಿಲುಗಡೆಯ ಮೊದಲು ಮತ್ತು ನಂತರ ತಳವನ್ನು ತೊಳೆದು ಪರೀಕ್ಷಿಸುವುದು ವಾಡಿಕೆ. ನೇರವಾದ ಉದ್ದ ಪಟ್ಟಿಯನ್ನು ತಳದ ಹಿಂಭಾಗಕ್ಕೆ ಉದ್ದಕ್ಕೆ ಹಿಡಿದು ನೋಡಿದರೆ ಹುಕ್ ಅಥವಾ ರಾಕರ್ ತಿಳಿಯುತ್ತದೆ. ಫೈಬರ್ ಗ್ಲಾಸ್ ಒಡಲನ್ನು ನಾಣ್ಯದಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಭಾಗ ಟಣ್ಣೆನ್ನುತ್ತದೆ. ಪದರ ಬಿಟ್ಟ ಭಾಗ ಮಂದವಾಗಿ ಧ್ವನಿಸುತ್ತದೆ. ಸಣ್ಣ ಸವಾರಿಯ ನಂತರ ಬಿರಡೆ ಬಿಚ್ಚಿದಾಗ ಎಂದಿಗಿಂತ ಹೆಚ್ಚು ನೀರು ಹರಿದುಬಂದರೆ ಸೋರಿಕೆಯನ್ನು ಹುಡುಕಬೇಕಾಗುತ್ತದೆ.

ಜೆಲ್‌ಕೋಟಿನ ಗೀರುಗಳನ್ನು ಅದೇ ಬಣ್ಣದ ಲೇಪದಿಂದ ತುಂಬಿ ಉಜ್ಜಿ ಹೊಳಪುಗೊಳಿಸಬಹುದು. ಬಿರುಕು ನಾರಿನ ಪದರಕ್ಕೆ ಇಳಿದಿದ್ದರೆ ಹಾಳಾದ ಭಾಗವನ್ನು ಇಳಿಜಾರಾಗಿ ತೇಯ್ದು, ಪೂರ್ಣ ಒಣಗಿಸಿ, ಗಾಜಿನ ಬಟ್ಟೆ ಮತ್ತು ರಾಳದ ಹೊಸ ಪದರಗಳನ್ನು ಹಾಕಲಾಗುತ್ತದೆ. ಪಾಲಿಪ್ರೊಪಿಲೀನಿಗೆ ಸಾಮಾನ್ಯ ರಾಳಗಳು ಅಂಟುವುದಿಲ್ಲ. ಅದಕ್ಕೆ ಬಿಸಿ ಬೆಸುಗೆ ಅಥವಾ ವಿಶೇಷ ಅಂಟುಗಳು ಬೇಕು. ವಿರೂಪಗೊಂಡ ತಳವನ್ನು ಮೊದಲಿನ ಆಕಾರಕ್ಕೆ ತರುವುದು ಬಿರುಕು ಮುಚ್ಚುವುದಕ್ಕಿಂತ ಕಷ್ಟ. ಯಾವ ದುರಸ್ತಿಯಾದರೂ, ಹಾನಿಗೆ ಕಾರಣವಾದ ಆಧಾರವನ್ನು ಮೊದಲು ಸರಿಪಡಿಸದಿದ್ದರೆ ಅದೇ ಜಾಗದಲ್ಲಿ ಬಿರುಕು ಮರುಕಳಿಸುತ್ತದೆ.

ಇವನ್ನೂ ನೋಡಿ

• ಜೆಟ್ ಸ್ಕೀ
• ಫೈಬರ್ ಗ್ಲಾಸ್
• ದೋಣಿ
• ಜಲಕ್ರೀಡೆ